ಗೊತ್ತು ಅಂದುಕೊಂಡದ್ದೆಲ್ಲ

ಮೂರನೇ ವಾರದ ಲ್ಯಾಬ್. ಐದು ವಿಷಯಗಳ ಅಂಕ ಕೂಡಿ ಸರಾಸರಿ ಹೇಳುವ ಪ್ರೋಗ್ರಾಂ ಬರೆಯಬೇಕಿತ್ತು. ಅಂಕಗಳು 40, 55, 62, 71, 38. ಒಟ್ಟು 266. ಐದರಿಂದ ಭಾಗಿಸಿದರೆ 53.2. ಪೆನ್ನು ಪೇಪರ್ ಕೊಟ್ಟರೆ ಯಾರು ಬೇಕಾದರೂ ಅರ್ಧ ನಿಮಿಷದಲ್ಲಿ ಮಾಡಿಬಿಡುವ ಲೆಕ್ಕ. ನನ್ನ ಪ್ರೋಗ್ರಾಂ ಮಾತ್ರ 7.6 ಅನ್ನುತ್ತಿತ್ತು.

ಇನ್ನೊಂದು ಸಲ ರನ್ ಮಾಡಿದೆ. 7.6. ಫೈಲ್ ಮುಚ್ಚಿ ಮತ್ತೆ ತೆರೆದೆ. 7.6. ಕೋಡ್ ಇದ್ದದ್ದೇ ಆರೇಳು ಸಾಲು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದೆ. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಮುಕ್ಕಾಲು ಗಂಟೆ ಹಾಗೇ ಕಳೆಯಿತು.

ಆ 7.6ರ ಕತೆ ಪೂರ್ತಿ ಹೇಳಬೇಕು. ಅದಕ್ಕೆ ಮೊದಲು, ನಾನು ಆ ಲ್ಯಾಬಿಗೆ ಹೋಗಿ ಕೂತದ್ದು ಹೇಗೆ ಅಂತ ಎರಡು ಮಾತು.

ನಾನು ಓದುತ್ತಿದ್ದದ್ದು ಇತಿಹಾಸ. ಬೇರೆ ವಿಭಾಗದ ಒಂದು ಕೋರ್ಸ್ ತೆಗೆದುಕೊಳ್ಳಲು ಅವಕಾಶ ಇತ್ತು. ಪ್ರೋಗ್ರಾಮಿಂಗ್ ಆರಿಸಿಕೊಂಡೆ. ದಿನವಿಡೀ ಕೈಯಲ್ಲಿ ಹಿಡಿದಿರುವ ಫೋನಿನ ಒಳಗೆ ಏನು ನಡೆಯುತ್ತದೆ ಅನ್ನುವುದು ಒಂದಿಷ್ಟಾದರೂ ತಿಳಿಯಲಿ ಅನ್ನುವ ಆಸೆ, ಅಷ್ಟೇ. ಗೆಳತಿಯರು ಹೆದರಿಸಿದರು. ಗಣಿತ ಚೆನ್ನಾಗಿ ಬರಬೇಕು, ಇಲ್ಲದಿದ್ದರೆ ಕಷ್ಟ ಅಂದರು. ಇಡೀ ಕೋರ್ಸಿನಲ್ಲಿ ಬೇಕಾದದ್ದು ಕೂಡು, ಕಳೆ, ಗುಣಿಸು, ಭಾಗಿಸು, ಜೊತೆಗೆ ಭಾಗಿಸಿದ ಮೇಲೆ ಉಳಿಯುವ ಶೇಷ. ಇಷ್ಟೇ. ಗಣಿತಕ್ಕೆ ಹೆದರಿ ಈ ಕೋರ್ಸಿನಿಂದ ದೂರ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಹೋಗಿ ಸೇರಿಕೊಳ್ಳಿ.

ನನ್ನಂಥವರ ಬಗ್ಗೆ ಯೋಚಿಸಿದವರು ತುಂಬ ಹಿಂದೆಯೇ ಇದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರು 1964ರಲ್ಲಿ ಬೇಸಿಕ್ ಅನ್ನುವ ಭಾಷೆ ಮಾಡಿದರು. ವಿಜ್ಞಾನ ಓದದ ಹುಡುಗರೂ ಕಂಪ್ಯೂಟರ್ ಬಳಸುವಂತಾಗಬೇಕು ಅನ್ನುವುದೇ ಅವರ ಆಸೆ. ಆ ಕಾಲದಲ್ಲಿ ಕಂಪ್ಯೂಟರ್ ಅಂದರೆ ಒಂದು ಕೋಣೆ ತುಂಬುವ ಯಂತ್ರ. ಅದನ್ನು ಸಾಹಿತ್ಯ, ಇತಿಹಾಸ ಓದುವವರಿಗೂ ಕೊಡಬೇಕು ಅಂತ ಯೋಚಿಸಿದರಲ್ಲ, ಅದು ನನಗೆ ದೊಡ್ಡ ಮನಸ್ಸಿನ ಮಾತು ಅನಿಸುತ್ತದೆ. ನಾವು ಕಲಿತದ್ದು ಬೇಸಿಕ್ ಅಲ್ಲ, ಪೈಥಾನ್. ಗೀಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಭಾಷೆ. ಓದಲು ಸುಲಭ, ಸಾಲುಗಳು ಚಿಕ್ಕವು.

ಆ 'ಓದಲು ಸುಲಭ' ಅನ್ನುವುದೇ ಮೊದಲ ಎರಡು ವಾರ ನನ್ನನ್ನು ದಾರಿ ತಪ್ಪಿಸಿತು.

ಕ್ಲಾಸಿನಲ್ಲಿ ಮೇಡಂ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಒಂದು ಷರತ್ತು, ಅದು ನಿಜವಾದರೆ ಹೀಗೆ ಮಾಡು, ಇಲ್ಲದಿದ್ದರೆ ಹಾಗೆ ಮಾಡು. ಒಂದು ಲೂಪ್, ಇಷ್ಟು ಸಲ ಇದನ್ನೇ ಮಾಡು. ಎಲ್ಲ ಅರ್ಥವಾಗುತ್ತಿತ್ತು. ತಲೆ ಆಡಿಸುತ್ತಿದ್ದೆ. ನೋಟ್ಸ್ ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದೆ. ಲ್ಯಾಬಿಗೆ ಹೋಗಿ ಖಾಲಿ ಫೈಲ್ ತೆರೆದು ಕೂತರೆ ಕೈ ಓಡುತ್ತಿರಲಿಲ್ಲ. ಕರ್ಸರ್ ಮಿಣುಕುತ್ತಾ ಇರುತ್ತಿತ್ತು, ನಾನು ಅದನ್ನೇ ನೋಡುತ್ತಾ ಇರುತ್ತಿದ್ದೆ. ರೇಡಿಯೋದಲ್ಲಿ ಹಾಡು ಬರುವಾಗ ಜೊತೆಗೆ ಗುನುಗುತ್ತೇವೆ, ಪೂರ್ತಿ ಬರುತ್ತೆ ಅನಿಸುತ್ತದೆ. ರೇಡಿಯೋ ಆಫ್ ಮಾಡಿ ಒಬ್ಬರೇ ಹಾಡಲು ಹೋದರೆ ಎರಡನೇ ಸಾಲಿಗೇ ನಿಂತುಬಿಡುತ್ತೇವೆ. ಹಾಗಿತ್ತು ನನ್ನ ಸ್ಥಿತಿ. ಅರ್ಥವಾಗುವುದು ಬೇರೆ, ಬರುವುದು ಬೇರೆ ಅನ್ನುವುದನ್ನು ಅಷ್ಟು ವರ್ಷ ಓದಿಯೂ ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಇತಿಹಾಸದ ಪಾಠ ಅರ್ಥವಾದರೆ ನನ್ನ ಮಾತಿನಲ್ಲಿ ನಾಲ್ಕು ಪುಟ ಬರೆಯಬಲ್ಲೆ. ಒಂದು ಕಡೆ ಮಸುಕಾಗಿದ್ದರೂ ಮುಂದಿನ ವಾಕ್ಯ ಅದನ್ನು ದಾಟಿಸಿಕೊಂಡು ಹೋಗುತ್ತದೆ. ಇಲ್ಲಿ ಹಾಗೆ ದಾಟಲು ಆಗುವುದಿಲ್ಲ.

ಈಗ 7.6ಕ್ಕೆ ಬರುತ್ತೇನೆ. ಅವತ್ತಿನ ಕೋಡಿನ ಮುಖ್ಯ ಸಾಲುಗಳನ್ನು ಕನ್ನಡದಲ್ಲಿ ಹೇಳಿದರೆ ಹೀಗಿದ್ದವು:

ಪಟ್ಟಿಯಲ್ಲಿರುವ ಪ್ರತಿಯೊಂದು ಅಂಕಕ್ಕೂ ಹೀಗೆ ಮಾಡು:
— ಮೊತ್ತ = 0
— ಮೊತ್ತ = ಮೊತ್ತ + ಅಂಕ
ಎಲ್ಲ ಮುಗಿದ ಮೇಲೆ: ಸರಾಸರಿ = ಮೊತ್ತ / 5

ತಪ್ಪು ಎಲ್ಲಿದೆ ಅಂತ ನಿಮಗೆ ಈಗಾಗಲೇ ಕಂಡಿರಬಹುದು. ನನಗೆ ಕಾಣಲಿಲ್ಲ.

ಮೇಡಂ ಹತ್ತಿರ ಬಂದರು. "ಏನಮ್ಮಾ, ಏನಾಯ್ತು?"

"ಕೋಡ್ ಎಲ್ಲ ಸರಿ ಇದೆ ಮೇಡಂ. ಉತ್ತರ ಮಾತ್ರ ತಪ್ಪು ಬರ್ತಿದೆ."

ಅವರು ಪರದೆ ನೋಡಿದರು, ಏನೂ ಹೇಳಲಿಲ್ಲ. ಮಾನಿಟರ್ ಆಫ್ ಮಾಡಿದರು. ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಗೆರೆ ಎಳೆದು ಮೂರು ಕಂಬ ಮಾಡಿದರು. ಮೇಲೆ ಬರೆದರು: ಸುತ್ತು, ಅಂಕ, ಮೊತ್ತ. ಕೋಡಿನ ಸಾಲುಗಳನ್ನು ಪಕ್ಕದಲ್ಲಿ ಬರೆಸಿದರು. "ಈಗ ನೀನೇ ಕಂಪ್ಯೂಟರ್. ಒಂದೊಂದೇ ಸಾಲು ಮಾಡ್ಕೊಂಡು ಹೋಗು."

ಮೊದಲ ಸುತ್ತು. ಅಂಕ 40. ಮೊತ್ತ 40. ಎರಡನೇ ಸುತ್ತು. ಅಂಕ 55. ಮೊತ್ತ 95 ಅಂತ ಬರೆದೆ.

"95 ಹೇಗೆ ಬಂತು?"

"40ಕ್ಕೆ 55 ಕೂಡಿದೆ ಮೇಡಂ."

"ಸಾಲು ಓದಿ ಮಾಡು. ಮತ್ತೆ."

ಮತ್ತೆ ಮಾಡಿದೆ. ಮತ್ತೆ 95. ಮೂರನೇ ಸಲ ಅವರು ನನ್ನ ಕೈ ಹಿಡಿದು ಪೆನ್ನಿನ ತುದಿಯನ್ನು 'ಮೊತ್ತ = 0' ಅನ್ನುವ ಸಾಲಿನ ಮೇಲೆ ಇಟ್ಟರು. ಆಗ ಕಂಡಿತು. ಪ್ರತಿ ಸುತ್ತಿನಲ್ಲೂ ಮೊದಲು ಆ ಸಾಲು ನಡೆಯುತ್ತದೆ. 40 ಅಳಿಸಿಹೋಗಿ ಸೊನ್ನೆಯಾಗುತ್ತದೆ. ಆಮೇಲೆ 55 ಸೇರುತ್ತದೆ. ಕೊನೆಗೆ ಉಳಿಯುವುದು ಕೊನೆಯ ಅಂಕ ಒಂದೇ, 38. ಅದನ್ನು ಐದರಿಂದ ಭಾಗಿಸಿದರೆ 7.6. ಆ ಒಂದು ಸಾಲು ಲೂಪಿನ ಹೊರಗೆ, ಅದಕ್ಕಿಂತ ಮೇಲೆ ಇರಬೇಕಿತ್ತು.

ತಪ್ಪು ಮಾಡಿದ್ದು ನನಗೆ ದೊಡ್ಡದಾಗಿ ಕಾಣಲಿಲ್ಲ. ಆ ತಪ್ಪನ್ನು ಎಲ್ಲರೂ ಮಾಡುತ್ತಾರೆ. ನನ್ನನ್ನು ಅಲ್ಲಾಡಿಸಿದ್ದು ಆ 95. ಕಣ್ಣೆದುರಿಗೇ 'ಮೊತ್ತ = 0' ಅಂತ ನನ್ನದೇ ಅಕ್ಷರದಲ್ಲಿ ಬರೆದಿದೆ. ಓದಿ ಮಾಡು ಅಂತ ಇನ್ನೊಬ್ಬರು ಪಕ್ಕದಲ್ಲಿ ನಿಂತು ಹೇಳುತ್ತಿದ್ದಾರೆ. ಆದರೂ ನನ್ನ ಕೈ 95 ಬರೆಯುತ್ತದೆ, ಅದೂ ಎರಡು ಸಲ. ಯಾಕೆಂದರೆ ಏನು ಬರಬೇಕು ಅನ್ನುವುದು ನನಗೆ ಗೊತ್ತಿತ್ತು. ಆ 'ಗೊತ್ತು' ನನ್ನ ಕಣ್ಣಿಗಿಂತ ಮುಂದೆ ಓಡುತ್ತಿತ್ತು. ಮುಕ್ಕಾಲು ಗಂಟೆ ನಾನು ಓದಿದ್ದು ಬರೆದದ್ದನ್ನಲ್ಲ, ಬರೆಯಬೇಕು ಅಂದುಕೊಂಡದ್ದನ್ನು.

ಆ ಮೂರು ಕಂಬದ ಪಟ್ಟಿಯನ್ನು ಆಮೇಲೆ ಕೋರ್ಸ್ ಮುಗಿಯುವ ತನಕ ಬಿಡಲಿಲ್ಲ. ಇದಕ್ಕೆ 'ಟ್ರೇಸ್ ಮಾಡುವುದು' ಅನ್ನುತ್ತಾರೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ ಅಂತ ನನ್ನ ನಂಬಿಕೆ. ತುಂಬ ಜನ ಇದನ್ನು ಬೇಜಾರಿನ ಕೆಲಸ ಅಂತ ಬಿಟ್ಟುಬಿಡುತ್ತಾರೆ. ಇಲ್ಲಿ ಒಂದು ಬದಲಿಸಿ, ಅಲ್ಲಿ ಒಂದು ಬದಲಿಸಿ, ಸರಿ ಉತ್ತರ ಬರುವ ತನಕ ರನ್ ಮಾಡುತ್ತಾ ಹೋಗುತ್ತಾರೆ. ಉತ್ತರವೇನೋ ಬರುತ್ತದೆ. ಯಾಕೆ ಬಂತು ಅಂತ ಕೇಳಿದರೆ ಹೇಳಲು ಏನೂ ಇರುವುದಿಲ್ಲ.

'ಮೊತ್ತ = ಮೊತ್ತ + ಅಂಕ' ಅನ್ನುವ ಸಾಲೂ ನನಗೆ ಕೆಲವು ದಿನ ತೊಂದರೆ ಕೊಟ್ಟಿತು. ಶಾಲೆಯಲ್ಲಿ ಕಲಿತ ಪ್ರಕಾರ ಇದು ಸುಳ್ಳು. ಒಂದು ಸಂಖ್ಯೆಗೆ 40 ಸೇರಿಸಿದರೆ ಅದೇ ಸಂಖ್ಯೆ ಹೇಗೆ ಬರುತ್ತದೆ? ಸಮ ಚಿಹ್ನೆಯನ್ನು 1557ರಲ್ಲಿ ಮೊದಲು ಅಚ್ಚಿಗೆ ತಂದವರು ರಾಬರ್ಟ್ ರೆಕಾರ್ಡ್. ಎರಡು ಸಮಾನಾಂತರ ಗೆರೆಗಳಷ್ಟು ಸಮವಾದದ್ದು ಬೇರೊಂದಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಪ್ರೋಗ್ರಾಮಿನಲ್ಲಿ ಅದೇ ಚಿಹ್ನೆಗೆ ಬೇರೆ ಕೆಲಸ. ಬಲಗಡೆಯದನ್ನು ಲೆಕ್ಕ ಹಾಕು, ಬಂದದ್ದನ್ನು ಎಡಗಡೆಯ ಹೆಸರಿನಲ್ಲಿ ಇಡು. ಅದು ಹೇಳಿಕೆಯಲ್ಲ, ಅಪ್ಪಣೆ. ಎರಡೂ ಸಮವೇ ಅಂತ ಕೇಳಬೇಕಾದರೆ ಆ ಚಿಹ್ನೆಯನ್ನು ಎರಡು ಸಲ ಒತ್ತಬೇಕು. ಇಲ್ಲೂ ಅಡ್ಡ ಬಂದದ್ದು ಮೊದಲೇ ಗೊತ್ತಿದ್ದ ವಿಷಯವೇ.

ಮೊದಮೊದಲು ಕೆಂಪು ಅಕ್ಷರದ ಎರರ್ ಬಂದರೆ ಎದೆ ಧಸಕ್ ಅನ್ನುತ್ತಿತ್ತು. ಓದದೆಯೇ ಅಳಿಸಿ ಮೊದಲಿನಿಂದ ಬರೆಯುತ್ತಿದ್ದೆ. ಪೈಥಾನಿನ ಎರರ್ ಓದಬೇಕಾದದ್ದು ಕೆಳಗಿನಿಂದ ಅನ್ನುವುದು ತಿಳಿದ ಮೇಲೆ ಹೆದರಿಕೆ ಹೋಯಿತು. ಕೊನೆಯ ಸಾಲಿನಲ್ಲಿ ಏನಾಗಿದೆ ಅಂತ ಇರುತ್ತದೆ, ಅದರ ಮೇಲೆ ಎಷ್ಟನೇ ಸಾಲಿನಲ್ಲಿ ಅಂತ ಇರುತ್ತದೆ. ಕೂಗಿ ಹೇಳುವ ತಪ್ಪು ಒಳ್ಳೆಯದು. 7.6 ಅಂಥದ್ದು ಸುಮ್ನೆ ಕೂತಿರುತ್ತದೆ. ಅಂಕಗಳು ಬೇರೆ ಇದ್ದು ಉತ್ತರ ನಂಬುವ ಹಾಗೆ ಬಂದಿದ್ದರೆ ನಾನು ಅದನ್ನೇ ಒಪ್ಪಿಸಿ ಮನೆಗೆ ಹೋಗಿಬಿಡುತ್ತಿದ್ದೆ.

ಇತಿಹಾಸ ಓದುವವಳಾದ್ದರಿಂದ ಹಳೆಯ ತಪ್ಪುಗಳ ಕತೆ ಹುಡುಕಿ ಓದಿದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡಿಗೆ ದಾರಿ ತಪ್ಪಿ ಸಿಡಿದುಹೋಯಿತು. ಒಂದು 64 ಬಿಟ್ ಸಂಖ್ಯೆಯನ್ನು (ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು ಒಂದು ಹಿಡಿಸುವ ಮನೆ) 16 ಬಿಟ್ ಪೂರ್ಣಾಂಕದ ಜಾಗಕ್ಕೆ ಹಾಕಲು ಹೋದಾಗ ಹಿಡಿಸಲಿಲ್ಲ. ಆ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಆ ಕೋಡ್ ಹಿಂದಿನ ಏರಿಯಾನ್ 4ರಿಂದ ತಂದದ್ದು. ಅಲ್ಲಿ ಆ ಸಂಖ್ಯೆ ಯಾವತ್ತೂ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಹೊಸ ರಾಕೆಟ್ಟಿನ ಅಡ್ಡ ದಿಕ್ಕಿನ ವೇಗ ಜಾಸ್ತಿ ಇತ್ತು. ಆಪತ್ತಿಗೆ ಅಂತ ಇಟ್ಟಿದ್ದ ಎರಡನೇ ಯಂತ್ರದಲ್ಲೂ ಅದೇ ಕೋಡ್ ಇದ್ದದ್ದರಿಂದ ಅದೂ ಹಾಗೇ ನಿಂತುಹೋಯಿತು. ಇದನ್ನು ಓದುವಾಗ ನನಗೆ ನನ್ನ 95 ನೆನಪಾಯಿತು. ಅವರೆಲ್ಲ ಎಷ್ಟೋ ವರ್ಷದ ಅನುಭವ ಇದ್ದವರು. ಅವರಿಗೂ ಒಂದು ವಿಷಯ ಗೊತ್ತಿತ್ತು. ಅದು ಒಂದು ಕಾಲದಲ್ಲಿ ನಿಜವೂ ಆಗಿತ್ತು.

ಇನ್ನೊಂದು ದಿನ ಗೆಳತಿ ಪಕ್ಕದ ಕಂಪ್ಯೂಟರಿನಿಂದ ಕರೆದಳು. "ಇಲ್ಲಿ ಬಾರೇ, ಇದು ನೋಡು." ಅವಳು 0.1ಕ್ಕೆ 0.2 ಕೂಡಿದ್ದಳು. ಪರದೆಯ ಮೇಲೆ 0.30000000000000004. ಕಂಪ್ಯೂಟರ್ ಲೆಕ್ಕದಲ್ಲಿ ತಪ್ಪುವುದಿಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೆವು. ಮೇಡಂ ವಿವರಿಸಿದ್ದು ಹೀಗೆ: ಒಂದನ್ನು ಮೂರರಿಂದ ಭಾಗಿಸಿ ದಶಮಾಂಶದಲ್ಲಿ ಬರೆಯಲು ಹೋದರೆ 0.333 ಅಂತ ಮುಗಿಯುವುದೇ ಇಲ್ಲ, ಎಲ್ಲೋ ಒಂದು ಕಡೆ ನಿಲ್ಲಿಸಬೇಕು. ಕಂಪ್ಯೂಟರ್ ಬರೆಯುವುದು ಸೊನ್ನೆ ಮತ್ತು ಒಂದರಲ್ಲಿ. ಆ ಬರಹದಲ್ಲಿ ಹತ್ತರಲ್ಲೊಂದು ಭಾಗ ಕೂಡ ಹೀಗೇ ಮುಗಿಯದ ಸಂಖ್ಯೆ. ಅದೂ ಎಲ್ಲೋ ನಿಲ್ಲಿಸುತ್ತದೆ, ಉಳಿದ ಚೂರು ಕೊನೆಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ನಮಗೆ 0.1 ಸರಳ ಸಂಖ್ಯೆ ಅನಿಸುವುದು ನಾವು ಹತ್ತರಲ್ಲಿ ಎಣಿಸುವುದರಿಂದ. ಅವತ್ತು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ.

ಫಂಕ್ಷನ್, ಫೈಲ್ ಓದುವುದು, ಡಿಕ್ಷನರಿ ಎಲ್ಲ ಬಂದವು, ಹೋದವು. ಅವುಗಳಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ, ಬಳಸುತ್ತಾ ರೂಢಿಯಾಗುತ್ತವೆ. ಒಂದು ಆಟ ಮಾತ್ರ ಬಹಳ ಇಷ್ಟವಾಯಿತು. 1ರಿಂದ 100ರೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿಟ್ಟುಕೊಳ್ಳಿ. ಪ್ರತಿ ಸಲ ಮಧ್ಯದ್ದನ್ನೇ ಕೇಳಿ, ಅದಕ್ಕಿಂತ ದೊಡ್ಡದೋ ಚಿಕ್ಕದೋ ಅಂತ ಉತ್ತರ ಪಡೆಯುತ್ತಾ ಹೋದರೆ ಏಳು ಪ್ರಶ್ನೆಯೊಳಗೆ ಸಿಕ್ಕೇ ಸಿಗುತ್ತದೆ. 10 ಲಕ್ಷದ ಒಳಗಿನ ಸಂಖ್ಯೆಯಾದರೂ 20 ಪ್ರಶ್ನೆ ಸಾಕು. ಪ್ರೋಗ್ರಾಂ ಬರೆದು ಮುಗಿಸಿ, ನಿಜವಾಗಿಯೂ 20ಕ್ಕೇ ಸಿಗುತ್ತದಾ ಅಂತ ರಾತ್ರಿ ಎಷ್ಟು ಹೊತ್ತು ಆಡಿದೆನೋ.

ಈಗಿನವರು ಕೇಳಬಹುದು: ಇದನ್ನೆಲ್ಲ ಕಲಿಯುವುದು ಯಾಕೆ, ಎಐಗೆ ಹೇಳಿದರೆ ಕ್ಷಣದಲ್ಲಿ ಬರೆದುಕೊಡುತ್ತದಲ್ವಾ? ಬರೆದುಕೊಡುತ್ತದೆ, ಬಹಳ ಸಲ ಚೆನ್ನಾಗಿಯೇ ಬರೆದುಕೊಡುತ್ತದೆ. ನನ್ನ ಅನಿಸಿಕೆ ಇಷ್ಟೇ. ಬರೆದುಕೊಟ್ಟದ್ದನ್ನು ಓದಿದಾಗ ಎಲ್ಲ ಅರ್ಥವಾಗುತ್ತದೆ. ಮೊದಲ ಎರಡು ವಾರ ನಾನು ತಲೆ ಆಡಿಸುತ್ತಾ ಕೂತಿದ್ದೆನಲ್ಲ, ಅದೇ ಅರ್ಥವಾಗುವುದು. ಕಲಿಯುವ ದಿನಗಳಲ್ಲಿ ಖಾಲಿ ಫೈಲಿನ ಮುಂದೆ ಕೂರುವ ಆ ಕಷ್ಟವನ್ನು ತಪ್ಪಿಸಿಕೊಂಡರೆ, ನಮಗೆ ಏನು ಗೊತ್ತಿಲ್ಲ ಅನ್ನುವುದು ಗೊತ್ತಾಗುವ ಜಾಗವೇ ತಪ್ಪಿಹೋಗುತ್ತದೆ. ಕಲಿತ ಮೇಲೆ ಬಳಸಲಿ. ಮೊದಲ ಕೋರ್ಸಿನಲ್ಲಿ ಬೇಡ.

ಕೊನೆಯ ತಿಂಗಳಲ್ಲಿ ನಡೆದದ್ದನ್ನು ಹೇಳಲೇಬೇಕು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಪದವನ್ನು ಗುರುತಿಸುವ ಪ್ರೋಗ್ರಾಂ ಬರೆಯಬೇಕಿತ್ತು. ಪೈಥಾನಿನಲ್ಲಿ ಪದವನ್ನು ತಿರುಗಿಸಲು ಒಂದೇ ಸಾಲು ಸಾಕು. ಇಂಗ್ಲಿಷ್ ಪದಗಳಿಗೆ ಸರಿಯಾಗಿ ನಡೆಯಿತು. ಒಪ್ಪಿಸಿಯೂ ಆಯಿತು. ರಾತ್ರಿ ಸುಮ್ನೆ ಕನ್ನಡ ಪದ ಹಾಕಿ ನೋಡಿದೆ. ನಯನ. ಹೌದು ಅಂದಿತು. ಕನಕ. ಹೌದು. ನವಜೀವನ. ಅಲ್ಲ.

ಅಲ್ಲ? ನ, ವ, ಜೀ, ವ, ನ. ಹೇಗೆ ಓದಿದರೂ ಅದೇ ತಾನೇ? ತಿರುಗಿಸಿದ ಪದವನ್ನು ಪ್ರಿಂಟ್ ಮಾಡಿಸಿದೆ. 'ನವೀಜವನ' ಅಂತ ಬಂತು. 'ವಿಕಟಕವಿ' ಹಾಕಿದೆ. ಅದೂ ಅಲ್ಲ. ತಿರುಗಿಸಿದ ಪದದ ಮೊದಲಲ್ಲಿ ಒಂದು ಚುಕ್ಕಿ ಚುಕ್ಕಿಯ ವೃತ್ತ, ಅದರ ತಲೆಯ ಮೇಲೆ ಗುಡಿಸು. ನಿಲ್ಲಲು ಅಕ್ಷರವೇ ಇಲ್ಲದ ಗುಡಿಸು.

ಈ ಸಲ ಕಂಪ್ಯೂಟರ್ ತಪ್ಪು ಅನ್ನಲಿಲ್ಲ. ನೋಟ್‌ಬುಕ್ ತೆಗೆದು ಕಂಬ ಹಾಕಿದೆ. 'ನವಜೀವನ' ಪದದಲ್ಲಿ ಎಷ್ಟು ಅಕ್ಷರ? ನನ್ನ ಲೆಕ್ಕಕ್ಕೆ ಐದು. ಪೈಥಾನ್ ಲೆಕ್ಕಕ್ಕೆ ಆರು. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಬರಹದ ಗುರುತುಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ. ಅದರಲ್ಲಿ 'ಜೀ' ಅನ್ನುವುದು ಎರಡು ಗುರುತು: ಜ ಒಂದು, ಅದರ ದೀರ್ಘ ಒಂದು. ತಿರುಗಿಸಿದಾಗ ಆ ದೀರ್ಘ ಜ ಬಿಟ್ಟು ಅದರ ನಂತರ ಇದ್ದ ವ ಮೇಲೆ ಹೋಗಿ ಕೂತಿದೆ. 'ಅಕ್ಕ' ನಮಗೆ ಎರಡು ಅಕ್ಷರ, ಅಲ್ಲಿ ನಾಲ್ಕು ಗುರುತು: ಅ, ಕ, ಒತ್ತು ಬರಲಿದೆ ಅಂತ ಹೇಳುವ ಒಂದು ಹಲಂತ, ಮತ್ತೆ ಕ. ಇನ್ನೂ ಚೆಂದದ್ದು 'ಸೂರ್ಯ'. ಬರೆಯುವಾಗ ಮೊದಲು ಯ ಬರೆದು ಆಮೇಲೆ ಅರ್ಕಾವೊತ್ತು ಹಾಕುತ್ತೇವೆ. ಕಂಪ್ಯೂಟರಿನ ಒಳಗೆ ಮೊದಲು ರ, ಆಮೇಲೆ ಹಲಂತ, ಆಮೇಲೆ ಯ. ಕೈ ಬರೆಯುವ ಕ್ರಮವಲ್ಲ ಅದು, ಬಾಯಿ ಹೇಳುವ ಕ್ರಮ.

ಮಾರನೇ ದಿನ ಮೇಡಂಗೆ ತೋರಿಸಿದೆ. ಅವರ ಮುಖ ಅರಳಿತು. "ಹಾಗಾದ್ರೆ ಅಕ್ಷರ ಅಂದ್ರೆ ಏನು? ಅದಕ್ಕೆ ಹೇಳಬೇಕಲ್ಲ, ನೀನೇ ಹೇಳು."

ಬಾಯಿ ಕಟ್ಟಿತು. ಮೂರು ವರ್ಷದ ಮಗುವಾಗಿದ್ದಾಗಿನಿಂದ ಗೊತ್ತಿರುವ ವಿಷಯ. ಸಾವಿರಾರು ಪುಟ ಬರೆದಿದ್ದೇನೆ. ಕೂತು ಯೋಚಿಸಿದರೆ ಒಂದು ಸರಿಯಾದ ವಾಕ್ಯ ಹೊರಡಲಿಲ್ಲ. ಎರಡು ವಾರ ತಗೊಂಡೆ. ಕೊನೆಗೆ ನಿಯಮ ಹೀಗೆ ಬಂತು: ಸ್ವರದ ಗುರುತು, ಅನುಸ್ವಾರ, ವಿಸರ್ಗ, ಹಲಂತ ಯಾವುದು ಬಂದರೂ ಹಿಂದಿನದಕ್ಕೆ ಅಂಟಿಸು. ಹಿಂದೆ ಇರುವುದು ಹಲಂತವಾದರೆ, ಈಗ ಬಂದ ವ್ಯಂಜನವನ್ನೂ ಅದಕ್ಕೇ ಅಂಟಿಸು. ಇಲ್ಲದಿದ್ದರೆ ಹೊಸ ಅಕ್ಷರ ಶುರು ಮಾಡು. ಹೀಗೆ ಕಟ್ಟು ಕಟ್ಟಿದ ಮೇಲೆ ತಿರುಗಿಸು.

ನವಜೀವನ. ಹೌದು. ವಿಕಟಕವಿ. ಹೌದು. ಕುಟುಕು. ಹೌದು. ಕಿಟಕಿ. ಹೌದು. ನನಗೆ ಆದ ಖುಷಿಯನ್ನು ಹೇಗೆ ಬರೆಯಲಿ, ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿ ಬಂದು ಮತ್ತೆ ಅದೇ ಪದಗಳನ್ನು ಹಾಕಿ ನೋಡಿದೆ.

ಗೆಳತಿ ಫೋನಿನಲ್ಲಿ ಪದಗಳನ್ನು ಹೇಳುತ್ತಾ ಹೋದಳು, ನಾನು ಎಷ್ಟು ಅಕ್ಷರ ಅಂತ ಪ್ರೋಗ್ರಾಮಿನಿಂದ ಹೇಳಿಸುತ್ತಾ ಹೋದೆ. ಎಲ್ಲ ಸರಿ ಬರುತ್ತಿತ್ತು. ಆಮೇಲೆ ಅವಳು 'ರ‍್ಯಾಂಕ್' ಅಂದಳು. ಪ್ರೋಗ್ರಾಂ ಅದನ್ನು ನಾನು ಅಂದುಕೊಂಡ ಜಾಗದಲ್ಲಿ ಕತ್ತರಿಸಲಿಲ್ಲ. ಮೊದಲ ರ ಒಂಟಿಯಾಗಿ ನಿಂತಿತ್ತು.

ನೋಟ್‌ಬುಕ್ ತೆಗೆದೆ. ರ, ಹಲಂತ, ಯ, ಇಳಿ, ಸೊನ್ನೆ, ಕ, ಹಲಂತ. ಏಳು. ಪೈಥಾನ್ 8 ಅಂದಿತು. ಮತ್ತೆ ಎಣಿಸಿದೆ. ನನ್ನದು ಏಳೇ. ಪದದ ಒಂದೊಂದು ಗುರುತಿನ ಸಂಖ್ಯೆಯನ್ನೂ ಪ್ರಿಂಟ್ ಮಾಡು ಅಂತ ಒಂದು ಲೂಪ್ ಬರೆದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವ ಜಾಗ 3200ರಿಂದ 3327ರ ತನಕ. ಮೊದಲನೆಯದು 3248, ಅದು ರ. ಎರಡನೆಯದು 8205.

"ಹಲೋ, ಇದ್ದೀಯಾ?" ಅಂದಳು ಗೆಳತಿ.

"ಇದೀನಿ, ಒಂದ್ನಿಮಿಷ ಇರೇ," ಅಂದೆ. ಪರದೆಯ ಮೇಲೆ ಆ ಪದವನ್ನು ದೊಡ್ಡದು ಮಾಡಿ ನೋಡಿದೆ. ರ ಇದೆ, ಅದರ ಪಕ್ಕ ಯ ಒತ್ತು ಇದೆ. ನಡುವೆ ಕಣ್ಣಿಗೆ ಏನೂ ಕಾಣುತ್ತಿಲ್ಲ. ನೋಟ್‌ಬುಕ್ಕಿನ ಕಂಬದಲ್ಲಿ ರ ಮತ್ತು ಹಲಂತದ ನಡುವೆ ಒಂದು ಸಾಲಿಗೆ ಜಾಗ ಮಾಡಿಕೊಂಡು 8205 ಅಂತ ಬರೆದೆ.